ಶೆಟ್ಟರ ಅಂಗಡಿ ಮತ್ತು ಬೊಂಬೆ ಬಾಗಿನ

ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಕೂರಿಸುವ ಬೊಂಬೆಗಳಲ್ಲಿ ಮೇಲಿನ ಹಂತದ ಗೌರವ ಪಟ್ಟದ ಬೊಂಬೆಗಳಿಗೆ, ಅಂದರೆ ತವರಿನವರು ಮದುಮಗಳಿಗೆ ಕೊಟ್ಟು ಕಳಿಸುವ ರಾಜ-ರಾಣಿಯರ ಮರದ ಜೋಡಿಗೆ ಸಲ್ಲುತ್ತದೆಯಾದರೂ, ಮಕ್ಕಳ ಕಣ್ಣು ಮೊದಲು ಹೋಗುವುದು ಕೆಳಗಿನ ಸಾಲಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಕುಳಿತ ಶೆಟ್ಟಿ-ಶೆಟ್ಟಮ್ಮರ ಕಡೆಗೆ. ಡೊಳ್ಳು ಹೊಟ್ಟೆಯ ಶೆಟ್ಟರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲಗಳನ್ನು ತುಂಬಿ, ಪಕ್ಕದಲ್ಲಿ ತಕ್ಕಡಿಯನ್ನಿಡುವುದರಿಂದ ಅದು ನೋಡುವ ಬೊಂಬೆಯಷ್ಟೇ ಆಗದೆ ಆಡುವ ಅಂಗಡಿಯೂ ಆಗುತ್ತದೆ.

ಇದೇ ಸೀಮೆಯ ಅಂಚಿನಲ್ಲಿರುವ ಗೌರಿಬಿದನೂರು, ಗಡಿಯಾಚೆ ಆಂಧ್ರದಲ್ಲಿರುವ ಹಿಂದೂಪುರದೊಡನೆ ಭಾಷೆ ಮತ್ತು ವ್ಯಾಪಾರದ ನಂಟುಳ್ಳ ತಾಲ್ಲೂಕು. ಕನ್ನಡದ ಬೊಂಬೆ ಹಬ್ಬವೂ ತೆಲುಗಿನವರು ಬೊಮ್ಮಲ ಕೊಲುವು ಎನ್ನುವ ಆಚರಣೆಯೂ ಇಂಥ ಗಡಿಸೀಮೆಯಲ್ಲಿ ಒಂದರ ಪಕ್ಕ ಒಂದು ಬೆಳೆದಿದ್ದು, ಶೆಟ್ಟರ ಅಂಗಡಿ ಎರಡಕ್ಕೂ ಸಲ್ಲುತ್ತದೆ. ಸಂಜೆಯ ಆರತಿಯಾದ ಮೇಲೆ ಬೊಂಬೆ ನೋಡಲು ಬಂದ ಮಕ್ಕಳಿಗೆ ಚಕ್ಕುಲಿ, ಕೋಡುಬಳೆ, ರವೆ ಉಂಡೆಯಂಥ ತಿಂಡಿಗಳನ್ನು ಹಂಚುವ ಕ್ರಮಕ್ಕೆ ಬೊಂಬೆ ಬಾಗಿನ ಎಂದು ಹೆಸರು.

ವ್ಯಾಪಾರದ ಸ್ಥಳವನ್ನು ಆಟಿಕೆಯಾಗಿಸುವ ಈ ಬಯಕೆ ಅಮೆರಿಕದಲ್ಲಿ ಬೇರೊಂದು ದಾರಿ ಹಿಡಿಯಿತು. 1970ರ ದಶಕದಲ್ಲಿ ಪ್ಲೇಸ್ಕೂಲ್ ಸಂಸ್ಥೆಯು ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಮಂದಿರವನ್ನೇ ಪುಟ್ಟ ಮನುಷ್ಯಾಕೃತಿಗಳೊಡನೆ ಆಟಿಕೆಯಾಗಿಸಿ ಮಾರಿತು. 1979ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಮಕ್ಕಳ ಊಟದ ಪೆಟ್ಟಿಗೆಯಲ್ಲಿ ಆಟಿಕೆಯನ್ನಿಟ್ಟು ಕೊಡುವ ಹ್ಯಾಪಿ ಮೀಲ್ ಅನ್ನು ಆರಂಭಿಸಿತು. 1996ರಲ್ಲಿ ಅದೇ ಸಂಸ್ಥೆ ಭಾರತಕ್ಕೂ ಕಾಲಿಟ್ಟಿತು.

ಎರಡು ಆಟಗಳಲ್ಲೂ ತಿನಿಸು ಮತ್ತು ಆಟಿಕೆ ಜೊತೆಯಾಗಿವೆ; ಆದರೆ ಅಲ್ಲಿ ತಿನಿಸು ಮಾರಾಟವಾಗಲೆಂದು ಆಟಿಕೆಯನ್ನು ಕೊಟ್ಟರೆ, ಇಲ್ಲಿ ಬೊಂಬೆ ನೋಡಲು ಬಂದ ಮಗುವಿಗೆ ತಿನಿಸನ್ನು ಕಾಸಿಲ್ಲದೆ ಕೊಡಲಾಗುತ್ತದೆ. ಅಲ್ಲಿನ ಪುಟ್ಟ ಕಟ್ಟಡದ ಮೇಲೆ ಒಂದು ಕಂಪನಿಯ ಹೆಸರಿದ್ದರೆ, ಶೆಟ್ಟರ ಅಂಗಡಿಗೆ ಹೆಸರಿನ ಫಲಕವೇ ಇಲ್ಲ. ಅದು ತೋರಿಸುವುದು ಅಳೆದು ತೂಗಿ ಕೊಡುವ ಕಸುಬನ್ನು ಮಾತ್ರ. ದಿನಸಿಯೂ ಪೊಟ್ಟಣದಲ್ಲೇ ಮನೆಗೆ ಬರುವ ಈ ಕಾಲದಲ್ಲಿ ಬಿಡಿಯಾಗಿ ತೂಗಿ ಮಾರುತ್ತಿದ್ದ ಅಂಗಡಿಯ ಚರಿತ್ರೆಗೆ ಈ ಬೊಂಬೆಗಳೂ ದಾಖಲೆಗಳೇ ಆಗಿರುವುದರಿಂದ, ಅವುಗಳನ್ನು ಉಳಿಸಿಕೊಂಡ ಮನೆಗಳವರು ತಕ್ಕಡಿ, ಬಟ್ಟಲುಗಳನ್ನೂ ಬೊಂಬೆಗಳ ಜೊತೆಗೇ ಜೋಪಾನ ಮಾಡಬೇಕು.