ಕೆರೆಯ ನೀರು ಮತ್ತು ನೀರುಗಂಟಿಯ ಅರಿವು

ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಸಂಗತಿಯು ಶರಣಚರಿತ್ರೆಯನ್ನು ಬಲ್ಲವರಿಗೆಲ್ಲ ಸುವಿದಿತವಾದುದು. ಕೆರೆ ಕಟ್ಟಿಸಿದವರ ಹೆಸರು ಕಾವ್ಯದಲ್ಲಿಯೂ ಶಾಸನದಲ್ಲಿಯೂ ನಿಂತಿತು. ಕಟ್ಟಿದ ಕೆರೆಯನ್ನು ತಲೆಮಾರುಗಳ ಕಾಲ ಕಾಯ್ದವನ ಹೆಸರು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕಡೆಗೂ ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆಗಳ ಕಡೆಗೂ ಇಳಿಯುತ್ತವೆ. ಶಿವಗಂಗೆಯ ಕುಮುದ್ವತಿಯು ನೆಲಮಂಗಲದ ಕಡೆಗೆ ಸಾಗುತ್ತದೆ. ಇವುಗಳಲ್ಲಿ ಒಂದೂ ಜೀವನದಿಯಲ್ಲ. ಆದುದರಿಂದ ಹಿಂದಿನವರು ಮೇಲಿನ ಕೆರೆಯ ಕೋಡಿಯು ಕೆಳಗಿನ ಕೆರೆಯನ್ನು ತುಂಬುವಂತೆ ಸಾಲುಗೆರೆಗಳನ್ನು ನಿರ್ಮಿಸಿದರು. ಸಂಸ್ಥಾನದಲ್ಲಿ ಹೊಸ ಕೆರೆಗೆ ತಕ್ಕ ಸ್ಥಳ ದೊರೆಯುವುದೇ ದುರ್ಲಭವೆಂದು ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿಯು 1866ರಲ್ಲಿ ಬರೆದನು.

ಕೆರೆಯ ಶಾಸ್ತ್ರವು ಬರವಣಿಗೆಯಲ್ಲಿ ಇರಲಿಲ್ಲವೆಂದಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಒಳ್ಳೆಯ ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು ಈ ದೋಷಗಳಲ್ಲಿ ಸೇರಿವೆ. ಗಡಿಯನ್ನು ದೋಷವೆಂದು ಎಣಿಸಿದವನು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವನೇ ಸರಿ.

ಆದರೆ ಕಟ್ಟಿದ ಕೆರೆಯನ್ನು ವರ್ಷವರ್ಷವೂ ನಡೆಸುವ ಜ್ಞಾನವು ಶಿಲೆಯ ಮೇಲೆ ಬರಲಿಲ್ಲ, ಅದು ನೀರುಗಂಟಿಯಲ್ಲಿತ್ತು. ತಂದೆಯ ಹಿಂದೆ ಏರಿಯ ಮೇಲೆ ನಡೆದು ಮಗನು ಅದನ್ನು ಕಲಿಯುತ್ತಿದ್ದನು. ತೂಬಿನ ಕಲ್ಲಿನ ಯಾವ ಮಟ್ಟಕ್ಕೆ ನೀರಿದ್ದರೆ ಎಷ್ಟು ಗದ್ದೆ ನಾಟಿಯಾದೀತು, ಯಾವ ಕಾಲುವೆಯಲ್ಲಿ ನೀರು ಹೆಚ್ಚು ಇಂಗುತ್ತದೆ, ಜಡಿಮಳೆಯ ರಾತ್ರಿ ಏರಿಯ ಯಾವ ಭಾಗವನ್ನು ಕಾಯಬೇಕು ಎಂಬುದು ಅವನಿಗೆ ಕರತಲಾಮಲಕ. ನೆರೆಯ ಕೋಲಾರದ ಸೀಮೆಯಲ್ಲಿ 'ದಾಮಾಷಾ' ಎಂಬ ಪದ್ಧತಿಯಿತ್ತು. ನೀರು ಸಾಲದ ವರ್ಷ ಹಿರಿಯರು ನೀರುಗಂಟಿಯೊಡನೆ ಕೆರೆಯ ನೀರನ್ನು ನೋಡಿ, ಅದು ಎಷ್ಟು ನೆಲಕ್ಕೆ ಸಾಕೆಂದು ನಿರ್ಣಯಿಸುವರು. ತೂಬಿಗೆ ಹತ್ತಿರದ ಅಷ್ಟು ನೆಲವನ್ನು, ಅದು ಯಾರದೇ ಆಗಿರಲಿ, ಆ ಒಂದು ಬೆಳೆಯ ಮಟ್ಟಿಗೆ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಹಂಚುವರು. ತುದಿಯ ಗದ್ದೆಯವನಿಗೂ ಕಾಳು ಸಿಕ್ಕಿತು. ಉದ್ದದ ಕಾಲುವೆಯಲ್ಲಿ ನೀರು ಇಂಗಿಹೋಗುವುದೂ ತಪ್ಪಿತು.

ಈ ಅರಿವನ್ನು ಹೊತ್ತವರು ಬಹುಮಟ್ಟಿಗೆ ದಲಿತ ಕುಟುಂಬದವರು. ಸುಗ್ಗಿಯ ಕಣದಲ್ಲಿ ರೈತರು ಅಳೆದುಕೊಟ್ಟ ಕಾಳು ಮತ್ತು ಅಲ್ಪಸ್ವಲ್ಪ ಇನಾಂ ಜಮೀನು ಅವರ ಸಂಬಳ. ಅವರ ಮಾತಿನಂತೆ ನೀರು ಹಂಚಿಕೊಂಡ ಊರು ಅವರನ್ನು ಸರಿಸಮಾನರೆಂದು ಕಾಣಲಿಲ್ಲ. ಆದಕಾರಣ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಚಾಕರಿಯನ್ನು ತೆಗೆದುಹಾಕಿದುದು ನ್ಯಾಯವೇ ಆಗಿತ್ತು. ಆದರೆ ಚಾಕರಿಯೊಡನೆ ವಿದ್ಯೆಯೂ ಹೋಗುವುದೆಂಬುದನ್ನು ಯಾರೂ ಎಣಿಸಲಿಲ್ಲ. ವೃದ್ಧ ನೀರುಗಂಟಿಗಳನ್ನು ಕೇಳಿ ಬರೆದಿಡುವ ಏರ್ಪಾಡು ಕಾಯಿದೆಯ ಜೊತೆಗೆ ಬರಲಿಲ್ಲ. ಮುಂದೆ ಕೊಳವೆಬಾವಿಗಳು ಬಂದ ಮೇಲೆ ರೈತನು ನೀರಿಗಾಗಿ ತೂಬಿನ ಕಡೆಗೆ ನೋಡುವುದೂ ಕಡಮೆಯಾಯಿತು. ಹೂಳು ಏರಿತು, ರಾಜಕಾಲುವೆಗಳು ಒತ್ತುವರಿಯಾದವು.