ಹಳೇ ಕಂಪ್ಯೂಟರ್‌ಗೆ ವೇಗದ ರ‍್ಯಾಮ್ ಹಾಕಿದರೆ ಮದರ್‌ಬೋರ್ಡ್ ಸುಟ್ಟುಹೋಗುತ್ತದೆಯೇ? ಇಲ್ಲಿದೆ ವಾಸ್ತವ

‘ಹೆಚ್ಚು ವೇಗದ ರ‍್ಯಾಮ್ ಹಾಕಿದರೆ ಹಳೇ ಮದರ್‌ಬೋರ್ಡ್ ಸುಟ್ಟುಹೋಗುತ್ತದೆ’ ಎನ್ನುವವರಿದ್ದಾರೆ. ‘3200 ರ‍್ಯಾಮ್ ಹಾಕಿಸಿ, ಕಂಪ್ಯೂಟರ್ ಹೊಸದರಂತೆ ಓಡುತ್ತದೆ’ ಎನ್ನುವವರೂ ಇದ್ದಾರೆ. ನಂಜನಗೂಡು, ಟಿ. ನರಸೀಪುರದಂಥ ಊರುಗಳ ಡಿಟಿಪಿ ಅಂಗಡಿ, ಸೈಬರ್ ಸೆಂಟರ್‌ಗಳಲ್ಲಿ ಹಳೇ ಕಂಪ್ಯೂಟರ್‌ಗಳೇ ದುಡಿಯುತ್ತಿರುವಾಗ, ಇಂಥ ಮಾತು ನಂಬಿದರೆ ಹಣ ದಂಡವಾಗಬಹುದು. ಎರಡನ್ನೂ ಪರಿಶೀಲಿಸೋಣ.

ಹೇಳಿಕೆ 1: ವೇಗದ ರ‍್ಯಾಮ್ ಬೋರ್ಡನ್ನು ಸುಡುತ್ತದೆ

ವಾಸ್ತವ: ತಪ್ಪು. ರ‍್ಯಾಮ್ ಮತ್ತು ಬೋರ್ಡ್ ಒಂದೇ ತಲೆಮಾರಿನವಾದರೆ, ರ‍್ಯಾಮ್ ಸಾಮಾನ್ಯವಾಗಿ ಬೋರ್ಡ್ ಮತ್ತು ಪ್ರೊಸೆಸರ್‌ನ ಮಿತಿಗೆ ಇಳಿದು ಕೆಲಸ ಮಾಡುತ್ತದೆ. ಟಿ. ನರಸೀಪುರಕ್ಕೆ ಹೋಗುವ ಬಸ್ಸಿಗೆ ಎಷ್ಟೇ ಶಕ್ತಿಯಿದ್ದರೂ ರಸ್ತೆ ಬಿಟ್ಟಷ್ಟೇ ವೇಗ, ಹಾಗೆಯೇ ಇದು.

ಹೇಳಿಕೆ 2: 3200 ಹಾಕಿದರೆ 3200 ವೇಗ ಸಿಗುತ್ತದೆ

ವಾಸ್ತವ: ಎಲ್ಲ ಕಡೆ ಅಲ್ಲ. ಇಂಟೆಲ್ ಎಚ್110 ಬೋರ್ಡ್, 7ನೇ ತಲೆಮಾರಿನ ಕೋರ್ ಐ3 ಇರುವ ಕಂಪ್ಯೂಟರ್‌ನಲ್ಲಿ ಡಿಡಿಆರ್4ರ ಮಿತಿ 2400. 3200ರ ರ‍್ಯಾಮ್ ಹಾಕಿದರೂ ಅದು 2400ರಲ್ಲೇ ಓಡುತ್ತದೆ. ಪಕ್ಕದಲ್ಲಿ 2133ರ ಹಳೇ ರ‍್ಯಾಮ್ ಇದ್ದರೆ ಎರಡೂ 2133ಕ್ಕೆ ಇಳಿಯುತ್ತವೆ.

ತಲೆಮಾರು ಬೇರೆಯಾದರೆ?

ಇಲ್ಲಿಯೇ ಜನ ಮೋಸಹೋಗುವುದು. ನಂಜನಗೂಡಿನ ರೈಲು ಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು. ಅದರ ಮೇಲೆ ಬ್ರಾಡ್ ಗೇಜ್ ಬೋಗಿ ಓಡುತ್ತಿರಲಿಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಕೂಡ ಹಾಗೆಯೇ. ಡೆಸ್ಕ್‌ಟಾಪ್‌ನ ಡಿಡಿಆರ್3ಗೆ 240 ಪಿನ್, ಡಿಡಿಆರ್4 ಮತ್ತು 5ಕ್ಕೆ 288. ವೋಲ್ಟೇಜ್ ಕ್ರಮವಾಗಿ 1.5, 1.2, 1.1. ಅಂಚಿನ ಕಚ್ಚು ಮೂರರಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ತುರುಕಿದರೆ ಮಾತ್ರ ಸ್ಲಾಟ್ ಮುರಿದು ನಿಜವಾಗಿಯೂ ಹಾನಿಯಾಗಬಹುದು. ಲ್ಯಾಪ್‌ಟಾಪ್ ರ‍್ಯಾಮ್ ಚಿಕ್ಕದು, ಅದೂ ಡೆಸ್ಕ್‌ಟಾಪ್‌ಗೆ ಆಗದು.

ಕೊಳ್ಳುವ ಮೊದಲು

• ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿದರೆ ಈಗಿನ ವೇಗ, ಖಾಲಿ ಸ್ಲಾಟ್ ತಿಳಿಯುತ್ತದೆ.
• ಉಚಿತ ಸಿಪಿಯು-ಝಡ್‌ನಲ್ಲಿ ಬೋರ್ಡಿನ ಮಾದರಿ, ರ‍್ಯಾಮ್‌ನ ತಲೆಮಾರು ಸಿಗುತ್ತದೆ. ಆ ಮಾದರಿಗೆ ಒಟ್ಟು ಎಷ್ಟು ಜಿಬಿ ಹಾಕಬಹುದೆಂದು ಬೋರ್ಡ್ ಕಂಪನಿಯ ಜಾಲತಾಣದಲ್ಲಿ ನೋಡಿ.
• ಅಂಗಡಿಗೆ ಹೋಗುವಾಗ ಹಳೇ ರ‍್ಯಾಮ್ ಅಥವಾ ಅದರ ಸ್ಟಿಕರ್‌ನ ಫೋಟೊ ಒಯ್ಯಿರಿ. ಅಪರೂಪಕ್ಕೆ ಒಂದೇ ತಲೆಮಾರಿನದೂ ಹೊಂದದೇ ಇರಬಹುದು, ಹಾಗಾಗಿ ಬದಲಾಯಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ತೀರ್ಮಾನ: ವೇಗದ ಸಂಖ್ಯೆಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ 4 ಜಿಬಿಯನ್ನು 8 ಜಿಬಿ ಮಾಡುವುದು, ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದು ಹಳೇ ಕಂಪ್ಯೂಟರ್‌ಗೆ ಹೆಚ್ಚು ಲಾಭ. ಸುಡುವ ಭಯವೂ ಬೇಡ, ಸಂಖ್ಯೆಯ ಮೋಹವೂ ಬೇಡ. ಮೊದಲು ತಲೆಮಾರು ನೋಡಿ, ಆಮೇಲೆ ಹಣ ಕೊಡಿ.