ಶಾಸಕ ಒಂದು ಪಕ್ಷ, ಸಂಸದ ಇನ್ನೊಂದು ಪಕ್ಷ: ಭಟ್ಕಳ, ಹೊನ್ನಾವರ, ಕುಮಟಾ ಮತದಾರರ ಲೆಕ್ಕ ಏನು?

ಭಟ್ಕಳ: ಇಲ್ಲಿಗೆ ಒಬ್ಬರು, ದಿಲ್ಲಿಗೆ ಇನ್ನೊಬ್ಬರು ಎನ್ನುವ ಲೆಕ್ಕ ನಮ್ಮ ಕರಾವಳಿಗೆ ಹೊಸದಲ್ಲ. ಇದು ಯಾಕೆ ಹೀಗೆ, ಇದರಿಂದ ಜನರಿಗೆ ಲಾಭವೋ ನಷ್ಟವೋ ಎಂಬ ವಿವರ ಇಲ್ಲಿದೆ.

ಅಂಕಿಅಂಶ ಏನು ಹೇಳುತ್ತೆ?
2023ರ ಮೇ ತಿಂಗಳಲ್ಲಿ ಭಟ್ಕಳದಲ್ಲಿ ಕಾಂಗ್ರೆಸ್‌ನ ಮಂಕಾಳ ವೈದ್ಯ 32 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಕುಮಟಾದಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಗೆದ್ದಿದ್ದು ಬರೀ 676 ಮತಗಳಿಂದ. ಹೊನ್ನಾವರ ತಾಲೂಕು ಈ ಎರಡೂ ಕ್ಷೇತ್ರಕ್ಕೆ ಹಂಚಿಹೋಗಿದೆ. ಜಿಲ್ಲೆಯ ಆರು ಸ್ಥಾನಗಳಲ್ಲಿ ನಾಲ್ಕು ಕಾಂಗ್ರೆಸ್ ಪಾಲಾದವು. ಶಿರಸಿಯಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಸೋತರು.

ಒಂದೇ ವರ್ಷದ ನಂತರ, 2024ರ ಲೋಕಸಭೆ ಚುನಾವಣೆಯಲ್ಲಿ ಅದೇ ಕಾಗೇರಿ 3.37 ಲಕ್ಷ ಮತಗಳ ಅಂತರದಿಂದ ಸಂಸದರಾದರು.

ಹಳೇ ಉದಾಹರಣೆ
1984ರ ಕೊನೆಗೆ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಮುಖ್ಯಮಂತ್ರಿಯಾಗಿದ್ದ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ ಬಹುಮತ ಕೊಟ್ಟರು.

ಕಾರಣಗಳು
ಮೊದಲನೆಯದು, ವಿಧಾನಸಭೆಗೆ ಜನ ನೋಡೋದು ಆಳನ್ನು. ವೈದ್ಯ 2013ರಲ್ಲಿ ಪಕ್ಷೇತರರಾಗಿಯೇ ಗೆದ್ದವರು. ಶೆಟ್ಟಿ ಮೊದಲು ಜೆಡಿಎಸ್‌ನಿಂದ, ಆಮೇಲೆ ಬಿಜೆಪಿಯಿಂದ ಗೆದ್ದವರು. ಚಿಹ್ನೆ ಬದಲಾದರೂ ಮನೆಬಾಗಿಲಿಗೆ ಬರುವ ಮುಖ ಅದೇ. ಎರಡನೆಯದು, ಲೋಕಸಭೆಗೆ ಪ್ರಧಾನಿ ಯಾರು ಅನ್ನೋದೇ ದೊಡ್ಡ ಪ್ರಶ್ನೆ. ಮೂರನೆಯದು ಮೈತ್ರಿ. 2023ರಲ್ಲಿ ಕುಮಟಾದಲ್ಲಿ ಬಿಜೆಪಿಗೆ ಎದುರಾಳಿಯಾಗಿದ್ದ ಜೆಡಿಎಸ್, 2024ರಲ್ಲಿ ಅದರ ಜೊತೆಗೇ ಇತ್ತು.

ಕೆಲಸಕ್ಕೆ ಯಾರನ್ನು ಕೇಳಬೇಕು?
ತೊಡಕು ಇರೋದು ಇಲ್ಲೇ. ಹೆದ್ದಾರಿ 66 ಕೇಂದ್ರದ್ದು, ಮೀನುಗಾರಿಕೆ ಇಲಾಖೆ ರಾಜ್ಯದ್ದು. ಅರಣ್ಯ ಅತಿಕ್ರಮಣದ ವಿಷಯದಲ್ಲಿ 2006ರ ಕಾಯ್ದೆ ದಿಲ್ಲಿಯದು, ಅರ್ಜಿ ನೋಡುವ ಸಮಿತಿಗಳು ಇಲ್ಲಿಯವು. ಬುಡಕಟ್ಟಿನವರಲ್ಲದವರಿಗೆ 75 ವರ್ಷಗಳ ದಾಖಲೆ ಬೇಕೆಂಬ ಷರತ್ತು ಬದಲಾಗಬೇಕಾದರೆ ಸಂಸತ್ತೇ ಮಾಡಬೇಕು. ಅರ್ಜಿ ಬೇಗ ಮುಗಿಯಬೇಕಾದರೆ ರಾಜ್ಯ ಸರ್ಕಾರದ ಮೇಲೆ ಒತ್ತಡ ಬೇಕು.

ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳೋಕೆ ಇಲ್ಲಿ ಅವಕಾಶ ಇದೆ. ಯಾವ ಕೆಲಸ ಯಾರದ್ದು ಅಂತ ಗೊತ್ತಿದ್ದ ಮತದಾರನಿಗೆ ಮಾತ್ರ ಇಬ್ಬರಿಂದಲೂ ಕೆಲಸ ತೆಗೆಯೋಕೆ ಆಗುತ್ತೆ.